ಬೀಗದ ಕೈ ನಾದಿನಿ ಸೊಂಟದಲ್ಲಿ, ಹಾಲು ಕರೆಯೋದು ನಾನು

ಪ್ರಶ್ನೆ: ಅರಸೀಕೆರೆ ಕಡೆ ಹಳ್ಳಿ ನಮ್ದು, ನನಗೆ 34 ವರ್ಷ. ಗಂಡ ತೀರ್ಕೊಂಡು ಮೂರು ವರ್ಷ ಆಯ್ತು, ಮಾವ ಅದಕ್ಕೂ ಮುಂಚೆನೇ ಹೋದ್ರು. ಈಗ ಮನೇಲಿ ಅತ್ತೆ, ಮಾವನ ತಾಯಿ ಅಜ್ಜಿ, ಗಂಡನ ಮನೆ ಬಿಟ್ಟು ಬಂದಿರೋ ನಾದಿನಿ, ನಾನು, ನನ್ನ 11 ವರ್ಷದ ಮಗಳು. ಎರಡು ಹಸು ನಾನೇ ನೋಡ್ಕೋತೀನಿ, ಡೈರಿ ದುಡ್ಡು ಮಾತ್ರ ಅತ್ತೆ ಅಕೌಂಟಿಗೆ, ಗೃಹಲಕ್ಷ್ಮಿ 2000 ರೂಪಾಯಿನೂ ಅವರಿಗೇ. ನಾದಿನಿ ಬಂದ್ಮೇಲೆ ಉಗ್ರಾಣದ ಬೀಗದ ಕೈ ಅವಳ ಸೊಂಟ ಸೇರ್ತು, ಮಗಳ ಹಾಲಿಗೆ ಸಕ್ಕರೆ ಹಾಕಕ್ಕೂ ಅವಳನ್ನೇ ಕೇಳ್ಬೇಕು. ಮಾವ ಸ್ವಂತ ದುಡಿದು ತಗೊಂಡ ಮೂರು ಎಕರೆ ತೆಂಗಿನ ತೋಟ ಇದೆ, ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ. ನನ್ನ ಗಂಡ ಒಬ್ನೇ ಮಗ, ಹಾಗಾಗಿ ತೋಟ ನನಗೂ ಮಗಳಿಗೂ ತಾನೆ? ರೇಷನ್ ಕಾರ್ಡ್ ಬೇರೆ ಮಾಡಿಸ್ಕೊ, ಒಲೆ ಬೇರೆ ಹೂಡು ಅಂತಾರೆ ಊರೋರು. ಏನ್ ಮಾಡ್ಲಿ?

ಉತ್ತರ: ಸಕ್ಕರೆ ವಿಷ್ಯ ಓದಿ ಹೊಟ್ಟೆ ಕಿವುಚಿದಂಗಾಯ್ತು ತಂಗಿ. ಬೆಳಗಿನ ಜಾವ ಎದ್ದು ಸಗಣಿ ಬಾಚಿ ಹಾಲು ಕರೆದು ಡೈರಿಗೆ ಹಾಕ್ಬಂದವಳು, ತನ್ನ ಮಗಳಿಗೆ ಒಂದು ಚಮಚ ಸಕ್ಕರೆಗೆ ಇನ್ನೊಬ್ರ ಮುಖ ನೋಡ್ಬೇಕು ಅಂದ್ರೆ ಯಾರಿಗಾದ್ರೂ ಉರಿಯುತ್ತೆ. ನಿಮ್ಮ ಸಿಟ್ಟು ತಪ್ಪಲ್ಲ.

ಆದ್ರೆ ತೋಟದ ಬಗ್ಗೆ ನೀವು ಅಂದ್ಕೊಂಡಿರೋದು ಸರಿ ಇಲ್ಲ, ಇದನ್ನ ನಾನು ಈಗ್ಲೇ ಹೇಳ್ಬಿಡ್ಬೇಕು, ಯಾಕಂದ್ರೆ ಊರೋರ ಮಾತು ಕೇಳಿ ಜಗಳ ತೆಗೆದ್ಮೇಲೆ ಗೊತ್ತಾದ್ರೆ ತುಂಬಾ ಕಷ್ಟ. ಸ್ವಂತ ಸಂಪಾದನೆ ಆಸ್ತಿ, ಮಾವ ವಿಲ್ ಬರೆದಿಲ್ಲ ಅಂದ್ರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅವರ ತಾಯಿ, ಹೆಂಡತಿ, ಮಗ, ಮಗಳು ನಾಲ್ಕೂ ಜನಕ್ಕೆ ಸಮಪಾಲು. ಮೂರು ಎಕರೆ ಅಂದ್ರೆ 120 ಗುಂಟೆ, ತಲಾ 30. ನಿಮ್ಮ ಗಂಡನ 30 ಗುಂಟೆ, ಅವರೂ ವಿಲ್ ಮಾಡದೆ ಹೋಗಿದ್ರೆ, ನಿಮಗೆ, ಮಗಳಿಗೆ, ಅವರ ತಾಯಿಗೆ ಅಂತ ಮತ್ತೆ ಮೂರು ಭಾಗ. ಲೆಕ್ಕ ಹಾಕಿ: ಅಜ್ಜಿಗೆ 30, ಅತ್ತೆಗೆ 40, ನಾದಿನಿಗೆ 30, ನಿಮಗೆ 10, ಮಗಳಿಗೆ 10. ನಾದಿನಿ ಮದುವೆ ಆಗಿ ಹೋದವಳು, ಅವಳಿಗೇನು ಅನ್ನೋ ಹಾಗಿಲ್ಲ, ಅಪ್ಪನ ಗಳಿಕೆಯಲ್ಲಿ ಮಗಳ ಪಾಲು ಮದುವೆ ಆದ್ರೂ ಹೋಗಲ್ಲ.

ಇದನ್ನ ಓದಿ ಎದೆ ಒಡ್ಕೋಬೇಡಿ. ನಿಮ್ಮ 10 ಗುಂಟೆ ನಿಮ್ಮಿಂದ ಯಾರೂ ಕಿತ್ಕೊಳ್ಳೋಕೆ ಆಗಲ್ಲ, ಮುಂದೆ ನೀವು ಇನ್ನೊಂದು ಮದುವೆ ಆದ್ರೂ ಅದು ನಿಮ್ದೇ. ಆ ಮನೇಲಿ ಇರೋ ಹಕ್ಕೂ ನಿಮಗಿದೆ, ಹೊರಗೆ ಹಾಕ್ತೀನಿ ಅಂತ ಯಾರಾದ್ರೂ ಅಂದ್ರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ನಿಮ್ಮ ಬೆನ್ನಿಗಿದೆ.

ನನಗೆ ನಿಮ್ಮ ಪತ್ರದಲ್ಲಿ ಕಂಡಿದ್ದು ಏನಂದ್ರೆ, ಮಾವನ ಹೆಸರಿನ ಆ ಪಹಣಿ ಹಾಗೇ ಬಿದ್ದಿರೋದ್ರಿಂದ ಮನೇಲಿ ಯಾರಿಗೂ ತನ್ನ ಜಾಗ ಯಾವುದು ಅಂತ ಗೊತ್ತಿಲ್ಲ. ನಾದಿನಿನ ನೋಡಿ, ಗಂಡನ ಮನೆ ಬಿಟ್ಟು ಬಂದಿದ್ದಾಳೆ, ತವರಲ್ಲಿ ಅಣ್ಣನೂ ಇಲ್ಲ, ಅಪ್ಪನೂ ಇಲ್ಲ, ನಾಳೆ ಅಮ್ಮ ಕಣ್ಮುಚ್ಚಿದ್ರೆ ಅತ್ತಿಗೆ ನನ್ನ ಇಟ್ಕೋತಾಳಾ ಅನ್ನೋ ದಿಗಿಲಲ್ಲಿ ಕೈಗೆ ಸಿಕ್ಕಿದ್ದು ಬೀಗದ ಕೈ, ಅದನ್ನೇ ಬಿಗಿಯಾಗಿ ಹಿಡ್ಕೊಂಡಿದ್ದಾಳೆ. ನಿಮ್ಮ ಅತ್ತೆ ದುಡ್ಡು ಬಿಡದೆ ಇರೋದೂ ಬರೀ ದುಡ್ಡಿನಾಸೆ ಅಂತ ನನಗನ್ಸಲ್ಲ. ನಿಮ್ಮ ಕೈಯಲ್ಲಿ ನಾಲ್ಕು ಕಾಸು ಆದ್ರೆ ಮೊಮ್ಮಗಳನ್ನ ಕರ್ಕೊಂಡು ತವರಿಗೆ ಹೋಗ್ಬಿಡ್ತೀರಿ ಅನ್ನೋ ಭಯ ಇರ್ಬಹುದು, ಮಗನ ಗುರುತು ಅಂತ ಅವರಿಗೆ ಉಳಿದಿರೋದು ಆ ಹುಡುಗಿ ಒಬ್ಳೇ ಅಲ್ವಾ. ಹಾಗಂತ ಸಹಿಸ್ಕೊಂಡು ಹೋಗಿ ಅಂತ ನಾನು ಹೇಳ್ತಿಲ್ಲ, ಹೆಂಗಸರಿಗೆ ಆ ಬುದ್ಧಿವಾದ ಸಾಕಷ್ಟು ಆಗಿದೆ.

ಮೊದ್ಲು ಪೌತಿ ಖಾತೆ ಮಾಡಿಸಿ, ಅಂದ್ರೆ ತೀರ್ಕೊಂಡವರ ಹೆಸರಲ್ಲಿರೋ ಜಮೀನಿನ ಖಾತೆನ ವಾರಸುದಾರರ ಹೆಸರಿಗೆ ಬದಲಾಯಿಸೋದು, ಐದೂ ಜನದ ಹೆಸರಲ್ಲಿ ಜಂಟಿಯಾಗಿ. ಮಾವಂದೂ ಗಂಡಂದೂ ಮರಣ ಪತ್ರ, ವಂಶವೃಕ್ಷ, ಎಲ್ಲರ ಆಧಾರ್ ಇಟ್ಕೊಂಡು ನಾಡಕಚೇರಿಗೆ ಹೋಗಿ. ವಿಲ್ ಇದೆಯಾ, ತೋಟ ಯಾವ ದುಡ್ಡಲ್ಲಿ ತಗೊಂಡಿದ್ದು ಅನ್ನೋದನ್ನ ಒಬ್ಬ ವಕೀಲರಿಗೆ ತೋರಿಸಿ, ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ಕೇಳದೆ ಫ್ರೀಯಾಗಿ ವಕೀಲರನ್ನ ಕೊಡ್ತಾರೆ. ಅತ್ತೆಗೆ ಇನ್ನೊಂದು ಮಾತೂ ಹೇಳಿ, ಮೈನರ್ ಮಗಳ ಪಾಲನ್ನ ಕೋರ್ಟ್ ಪರ್ಮಿಷನ್ ಇಲ್ಲದೆ ತಾಯಿನೂ ಮಾರೋ ಹಾಗಿಲ್ಲ ಅಂತ. ಅವರ ಅರ್ಧ ಭಯ ಅಲ್ಲೇ ಇಳಿಯುತ್ತೆ.

ಕಾರ್ಡ್ ಬೇರೆ ಮಾಡೋದು ಈಗ ಬೇಡ. 2000ದ ಆಸೆಗೆ ಒಲೆ ಒಡೆದ್ರೆ, ಹಸು ಯಾರ್ದು, ಕೊಟ್ಟಿಗೆ ಯಾರ್ದು, ಅಟ್ಟದಲ್ಲಿ ವರ್ಷದಿಂದ ಒಣಗ್ತಿರೋ ಕೊಬ್ಬರಿ ಯಾರ್ದು ಅಂತ ಒಂದೊಂದಕ್ಕೂ ಪಂಚಾಯ್ತಿ ಆಗುತ್ತೆ, ಅಜ್ಜಿ ಯಾವ ಒಲೆ ಕಡೆ ಉಣ್ಬೇಕು? ಹಾಲಿನ ದುಡ್ಡನ್ನ ಮಾತ್ರ ಬಿಡ್ಬೇಡಿ. ಅದು ನಿಮ್ಮ ರಟ್ಟೆ ದುಡಿಮೆ. ನಿಮ್ಮ ಹೆಸರಲ್ಲೂ ಹಾಲು ಹಾಕ್ಬಹುದಾ ಅಂತ ಡೈರಿ ಸೆಕ್ರೆಟರಿನ ಕೇಳಿ, ಆಗುತ್ತೆ ಅಂದ್ರೆ ಒಂದು ಹಸುವಿನ ಹಾಲಿನ ದುಡ್ಡು ನಿಮ್ಮ ಅಕೌಂಟಿಗೆ, ಒಂದರದ್ದು ಅತ್ತೆಗೆ. ಕದ್ದು ಮಾಡ್ಬೇಡಿ, ಅತ್ತೆಗೆ ಮುಂಚೆನೇ ಹೇಳಿ ಮಾಡಿ: "ಅತ್ತೆ, ಮಗು ಫೀಸು, ಬಟ್ಟೆ ನಾನು ನೋಡ್ಕೋತೀನಿ, ಹಿಂಡಿ ಬೂಸಕ್ಕೂ ಅರ್ಧ ಹಾಕ್ತೀನಿ." ಇಲ್ಲ ಅಂದ್ರೆ ಜಗಳ ಆಗ್ಲಿ ಬಿಡಿ, ಇದು ಮಾಡ್ಲೇಬೇಕಾದ ಜಗಳ.

ಪೌತಿ ಖಾತೆಗೆ ಹೋಗೋವಾಗ ಒಬ್ರೇ ಹೋಗ್ಬೇಡಿ, ನಾದಿನಿನ ಜೊತೆಗೆ ಕರ್ಕೊಂಡು ಹೋಗಿ, ಅವಳ ಹೆಸರು ಅರ್ಜಿಲಿ ಇರೋದನ್ನ ಅವಳೇ ಕಣ್ಣಾರೆ ಓದ್ಲಿ.