ಗೆಳೆಯನ ವಿಮಾನದ ಪಕ್ಕದಲ್ಲಿ ಹಾರಬಹುದಾ?

ದಸರೆಗೆ ಬನ್ನಿಮಂಟಪದಲ್ಲಿ ಏರ್ ಶೋ ನಡೆದ ವರ್ಷ ಈ ಅಂಕಣಕ್ಕೆ ಒಂದೇ ಥರದ ಪತ್ರಗಳು ಬರುತ್ತವೆ. ವಾಯುಪಡೆಯಲ್ಲಿ ಹಾರಾಟ ಕಲಿಸಿದವನು ನಾನು, ಆದ್ದರಿಂದ ನನ್ನ ಪಾಲಿಗೇ ಬರುತ್ತವೆ. ಹೇಳಿದ್ದನ್ನೇ ಹೇಳಿ ಬೇಸರವಾಗಿದೆ. ಆದರೆ ಈ ಸಲ ಒಂದು ಪತ್ರ ಓದಿ ನಿಜವಾಗಿ ಭಯವಾಯಿತು. ಮೊದಲು ಅದಕ್ಕೇ ಉತ್ತರ.

ಪ್ರಶ್ನೆ: ನಾನು ಮಂಡ್ಯದವನು ಸರ್. ಪೈಲಟ್ ತರಬೇತಿಯಲ್ಲಿದ್ದೇನೆ, ಸೆಸ್ನಾ ಅನ್ನುವ ಪುಟ್ಟ ವಿಮಾನದಲ್ಲಿ ಸೋಲೋ ಹಾರಾಟ (ಒಬ್ಬನೇ ಹಾರುವುದು) ಶುರುವಾಗಿದೆ. ನನ್ನ ಬ್ಯಾಚಿನ ಗೆಳೆಯನೂ ಅದೇ ಹೊತ್ತಿಗೆ ಹಾರುತ್ತಾನೆ. ಏರ್ ಶೋ ಮಾಡುವ ವಾಯುಪಡೆಯ ಸೂರ್ಯಕಿರಣ್ ತಂಡದ ಥರ ಅಕ್ಕಪಕ್ಕ ಹಾರಿ ಒಂದು ವಿಡಿಯೊ ಮಾಡಬೇಕು ಅಂತ ಇಬ್ಬರಿಗೂ ಆಸೆ. ಅವರಂತೆ ಐದು ಮೀಟರ್ ಅಲ್ಲ, ನೂರು ಮೀಟರ್ ದೂರ ಇಟ್ಟುಕೊಳ್ಳುತ್ತೇವೆ. ಆಗ ಅಪಾಯ ಇಲ್ಲ ಅಲ್ವಾ?

ಉತ್ತರ: ಇದೆ ಕಣಪ್ಪಾ. ದಯವಿಟ್ಟು ಮಾಡಬೇಡ.

ನೂರು ಮೀಟರ್ ಅಂತ ಬರೆದಿದ್ದೀಯ. ಅಳೆಯುವುದು ಹೇಗೆ? ರಸ್ತೆಯಲ್ಲಾದರೆ ಮರ, ಕಂಬ, ಬಿಳಿ ಗೆರೆ ನೋಡಿ ಅಂದಾಜು ಸಿಗುತ್ತದೆ. ಮೇಲೆ ಅದೇನೂ ಇಲ್ಲ. ಇರುವುದು ಗೆಳೆಯನ ವಿಮಾನ ಒಂದೇ. ಅದೂ ಗಾಳಿಗೆ ಏಳುತ್ತ ಬೀಳುತ್ತ ಇರುತ್ತದೆ.

ಅದಕ್ಕೂ ಮೊದಲು ನೀವಿಬ್ಬರೂ ಬೇರೆ ಬೇರೆ ಟೇಕಾಫ್ ಆಗಿ, ಮೇಲೆ ಒಬ್ಬರನ್ನೊಬ್ಬರು ಹುಡುಕಿ ಹತ್ತಿರ ಬರಬೇಕು. ನಾವು ಇದನ್ನು ರೀಜಾಯಿನ್ ಅಂತೀವಿ. ನನಗೆ ಜಾಸ್ತಿ ಹೆದರಿಕೆ ಇರುವುದು ಇಲ್ಲೇ. ನಿನ್ನ ವೇಗ ಅವನಿಗಿಂತ ಗಂಟೆಗೆ 36 ಕಿ.ಮೀ. ಜಾಸ್ತಿ ಇದ್ದರೆ ಸೆಕೆಂಡಿಗೆ 10 ಮೀಟರ್ ಹತ್ತಿರವಾಗುತ್ತೀಯ. ನಿನ್ನ ನೂರು ಮೀಟರ್ ಹತ್ತು ಸೆಕೆಂಡಿನಲ್ಲಿ ಮುಗಿಯಿತು. ಡಿಕ್ಕಿಯ ದಾರಿಯಲ್ಲಿರುವ ವಿಮಾನ ನಿನ್ನ ಗಾಜಿನ ಮೇಲೆ ಅತ್ತಿತ್ತ ಸರಿಯುವುದಿಲ್ಲ, ಒಂದೇ ಜಾಗದಲ್ಲಿ ಕೂತಿರುತ್ತದೆ. ಇನ್ನೂ ದೂರ ಇದೆ ಅನ್ನಿಸುತ್ತದೆ. ಕೊನೆಯ ಎರಡು ಮೂರು ಸೆಕೆಂಡಿನಲ್ಲಿ ಗಾಜಿನ ತುಂಬ ಬೆಳೆದುಬಿಡುತ್ತದೆ. ಗಾಬರಿಯಲ್ಲಿ ವಿಮಾನ ವಾಲಿಸುತ್ತೀಯ. ಸೆಸ್ನಾದಲ್ಲಿ ರೆಕ್ಕೆ ತಲೆಯ ಮೇಲಿದೆ. ಅವನ ಕಡೆ ವಾಲಿಸಿದರೆ ಆ ರೆಕ್ಕೆ ಇಳಿದು ಕಿಟಕಿ ಮುಚ್ಚುತ್ತದೆ. ಆಚೆ ವಾಲಿಸಿದರೆ ನಿನ್ನ ವಿಮಾನದ ಹೊಟ್ಟೆ ಅವನ ಕಡೆಗಿರುತ್ತದೆ. ಎರಡರಲ್ಲೂ ಗೆಳೆಯ ಕಾಣುವುದಿಲ್ಲ.

ಕಲಿತವನು ಏನು ಮಾಡುತ್ತಾನೆ? ರೆಕ್ಕೆ ಮಟ್ಟ ಮಾಡಿ, ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಹಿಂದಕ್ಕೆಳೆದು, ಲೀಡರ್ (ಮುಂದೆ ಹಾರುವವನು) ಮೇಲಿನ ಕಣ್ಣು ತೆಗೆಯದೆ, ಅವನ ಕೆಳಗೆ ಹಿಂದಿನಿಂದ ದಾಟಿ ಆಚೆ ಹೋಗುತ್ತಾನೆ. ಇದು ಯೋಚನೆ ಮಾಡದೆ ಕೈಗೆ ಬರಬೇಕು. ಬರುವವರೆಗೂ ಇನ್‌ಸ್ಟ್ರಕ್ಟರ್ ಜೊತೆಗೇ ಕೂತಿರುತ್ತಾರೆ. ಹೊರಡುವ ಮುಂಚೆ ಬ್ರೀಫಿಂಗ್ ಆಗಬೇಕು. ಲೀಡರ್ ಯಾರು, ರೇಡಿಯೊ ಕೈಕೊಟ್ಟರೆ ಏನು, ಮೋಡ ಬಂದು ಲೀಡರ್ ಕಾಣದಾದರೆ ಯಾರು ಯಾವ ಕಡೆ ತಿರುಗಬೇಕು, ಎಲ್ಲ ನೆಲದ ಮೇಲೇ ತೀರ್ಮಾನ. ಜಾಗ ಹಿಡಿಯಲು ಲೀಡರ್ ವಿಮಾನದ ಮೇಲೆ ಎರಡು ಗುರುತು ಕೊಡುತ್ತೇವೆ. ರೆಕ್ಕೆ ತುದಿಯ ದೀಪ ಮೈಮೇಲಿನ ಇಂಥ ಗುರುತಿಗೆ ಸರಿಯಾಗಿ ಕೂರಬೇಕು ಅಂತ. ದೀಪ ಸರಿದರೆ ನೀನು ಜಾಗ ಬಿಟ್ಟೆ ಅಂತ ಅರ್ಥ. ಥ್ರಾಟಲ್ ಮೇಲಿನ ಕೈ ಸುಮ್ಮನಿರುವಂತಿಲ್ಲ, ಒಂಚೂರು ಮುಂದೆ, ಒಂಚೂರು ಹಿಂದೆ. ಹೊಸಬರು ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಸ್ಟಿಕ್ ಹಿಡಿಯುತ್ತಾರೆ. ಆಗ ನಾನು 'ಕಾಲ್ಬೆರಳು ಆಡಿಸು' ಅನ್ನುತ್ತಿದ್ದೆ. ಕಾಲು ಸಡಿಲವಾದರೆ ಕೈಯೂ ಸಡಿಲವಾಗುತ್ತದೆ.

ಲೀಡರ್ ಕೆಲಸವೂ ಸುಲಭ ಅಲ್ಲ. ಅವನು ಪೂರ್ತಿ ಥ್ರಾಟಲ್ ಕೊಡುವಂತಿಲ್ಲ, ಹಿಂದಿನವನಿಗೆ ಸೇರಿಕೊಳ್ಳಲು ಶಕ್ತಿ ಉಳಿಯಬೇಕು. ಪಕ್ಕದವನು ಲೀಡರನ್ನು ಬಿಟ್ಟು ಬೇರೇನೂ ನೋಡುವುದಿಲ್ಲ, ನೆಲವನ್ನೂ ನೋಡುವುದಿಲ್ಲ. 1982ರ ಜನವರಿ 18ರಂದು ಅಮೆರಿಕದ ನೆವಾಡಾದಲ್ಲಿ ಅಲ್ಲಿನ ವಾಯುಪಡೆಯ ಪ್ರದರ್ಶನ ತಂಡ ಥಂಡರ್‌ಬರ್ಡ್ಸ್‌ನ ನಾಲ್ಕು ಟಿ-38 ಜೆಟ್ ವಿಮಾನಗಳು ಒಟ್ಟಿಗೇ ನೆಲಕ್ಕೆ ಬಡಿದವು. ಲೀಡರ್ ವಿಮಾನದ ಕಂಟ್ರೋಲ್ ಸಿಕ್ಕಿಹಾಕಿಕೊಂಡು ಅದು ಲೂಪ್‌ನಿಂದ (ಮೇಲೆ ಹೋಗಿ ತಲೆಕೆಳಗಾಗಿ ಇಳಿಯುವ ಸುತ್ತಿನಿಂದ) ಮೇಲೇಳಲಿಲ್ಲ. ಮೂವರೂ ಅವನನ್ನೇ ನೋಡುತ್ತ ಹಿಂಬಾಲಿಸಿದರು. ಅವರು ಮಾಡಿದ್ದು ಕಲಿತದ್ದನ್ನೇ. ಇನ್ನು ನೀನು ಯಾರನ್ನು ಲೀಡರ್ ಮಾಡುತ್ತೀಯ? ನಿನ್ನಷ್ಟೇ ಹೊಸಬನಾದ ಗೆಳೆಯನನ್ನು.

ವಿಡಿಯೊ ವಿಷಯಕ್ಕೆ ಬರೋಣ. 1966ರ ಜೂನ್ 8ರಂದು ಒಂದು ಎಂಜಿನ್ ಕಂಪನಿಗೆ ಫೋಟೊ ಬೇಕು ಅಂತ ಅಮೆರಿಕದಲ್ಲಿ ಐದು ವಿಮಾನ ಒಟ್ಟಿಗೆ ಹಾರಿದವು. ಅವುಗಳಲ್ಲಿ ಎಫ್-104 ಯುದ್ಧವಿಮಾನದಲ್ಲಿದ್ದವರು ಜೋ ವಾಕರ್. ಎಕ್ಸ್-15 ರಾಕೆಟ್ ವಿಮಾನದಲ್ಲಿ 100 ಕಿ.ಮೀ. ಮೇಲಕ್ಕೆ ಹೋಗಿಬಂದಿದ್ದ ಪೈಲಟ್. ಅವರ ವಿಮಾನ ಪಕ್ಕದ ಭಾರಿ ಬಾಂಬರ್ ವಿಮಾನ ಎಕ್ಸ್‌ಬಿ-70ರ ರೆಕ್ಕೆ ತುದಿಗೆ ತಗುಲಿ, ಅಲ್ಲಿನ ಗಾಳಿಯ ಸುಳಿಗೆ ಸಿಕ್ಕಿ ಮಗುಚಿ ಅದರ ಬಾಲವನ್ನು ಕತ್ತರಿಸಿತು. ವಾಕರ್ ಹೋದರು, ಎಕ್ಸ್‌ಬಿ-70ರ ಸಹ ಪೈಲಟ್ ಕಾರ್ಲ್ ಕ್ರಾಸ್ ಕೂಡ ಹೋದರು.

ಅಷ್ಟು ದೂರ ಯಾಕೆ, ನಮ್ಮ ಯಲಹಂಕದಲ್ಲೇ 2019ರ ಫೆಬ್ರುವರಿ 19ರಂದು, ಏರೋ ಇಂಡಿಯಾ ಶುರುವಾಗುವ ಹಿಂದಿನ ದಿನ, ಸೂರ್ಯಕಿರಣ್‌ನ ಎರಡು ಹಾಕ್ ವಿಮಾನಗಳು ಅಭ್ಯಾಸದಲ್ಲಿ ಡಿಕ್ಕಿಯಾದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಇನ್ನಿಬ್ಬರು ಇಜೆಕ್ಟ್ ಆಗಿ, ಅಂದರೆ ಸೀಟಿನ ಸಮೇತ ಹೊರಕ್ಕೆ ಚಿಮ್ಮಿ, ಉಳಿದರು. ನಿನ್ನ ಸೆಸ್ನಾದಲ್ಲಿ ಇಜೆಕ್ಷನ್ ಸೀಟಿಲ್ಲ.

ಮೊದಲು ಲೈಸೆನ್ಸ್ ಆಗಲಿ. ಆಮೇಲೆ ಫಾರ್ಮೇಶನ್ (ಹೀಗೆ ಒಟ್ಟಿಗೆ ಜೋಡಿಯಾಗಿ ಹಾರುವುದು) ಕಲಿಸಿ ಅನುಭವ ಇರುವ ಇನ್‌ಸ್ಟ್ರಕ್ಟರ್ ಸಿಕ್ಕರೆ ಕಲಿ. ಅದಕ್ಕಿಂತ ಮುಂಚೆ ನಿಮ್ಮ ಈ ಯೋಚನೆಯನ್ನು ನಿಮ್ಮ ಚೀಫ್ ಇನ್‌ಸ್ಟ್ರಕ್ಟರ್ ಹತ್ತಿರ ಹೇಳಿ. ಬೈಯ್ಯುತ್ತಾರೆ, ಬೈಸಿಕೊಳ್ಳಿ.

ಪ್ರಶ್ನೆ: ಏರ್ ಶೋನಲ್ಲಿ ಒಂಬತ್ತು ವಿಮಾನಗಳನ್ನೂ ಕಂಪ್ಯೂಟರ್ ಜೋಡಿಸಿ ಹಾರಿಸುತ್ತದಂತೆ? (ಕುವೆಂಪುನಗರ, ಮೈಸೂರು)

ಉತ್ತರ: ಸುಳ್ಳು. ಕಣ್ಣು, ಕೈ, ತಂಡದ ನೆಲೆ ಬೀದರ್‌ನಲ್ಲಿ ಮಾಡಿದ ಅಭ್ಯಾಸ, ಅಷ್ಟೇ.

ಪ್ರಶ್ನೆ: ಆ ಬಣ್ಣದ ಹೊಗೆ ಬರುವಾಗ ಎಂಜಿನ್ನಿಗೆ ಬೆಂಕಿ ಬಿದ್ದಿರುತ್ತದಾ? (ಮದ್ದೂರು)

ಉತ್ತರ: ಇಲ್ಲ. ಬಿಸಿ ಎಕ್ಸಾಸ್ಟ್‌ಗೆ ಡೀಸೆಲ್ ಬಿಡುತ್ತಾರೆ, ಬಣ್ಣ ಬೆರೆಸಿರುತ್ತಾರೆ.

ಪ್ರಶ್ನೆ: ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ಯಾವ ತರಬೇತಿಯೂ ಇಲ್ಲದೆ ಸಾಲಾಗಿ ಹಾರುತ್ತವಲ್ಲ? (ನಂಜನಗೂಡು)

ಉತ್ತರ: ಮುಂದಿನ ಹಕ್ಕಿಯ ರೆಕ್ಕೆ ತುದಿಯಿಂದ ಏಳುವ ಗಾಳಿ ಹಿಂದಿನದಕ್ಕೆ ಆಸರೆ. ತಾಗಿದರೂ ಪುಕ್ಕ ಕೊಡವಿ ಮುಂದೆ ಹೋಗುತ್ತವೆ. ವಿಮಾನ ಹಾಗಲ್ಲ.

ಪ್ರಶ್ನೆ: ಹದಿನೈದು ದಿನ ಸಿಮ್ಯುಲೇಟರ್ ಮೇಲೆ ಕಲಿಸಿ ಫಾರ್ಮೇಶನ್ ಹಾರಾಟದ ಸರ್ಟಿಫಿಕೇಟ್ ಕೊಡುತ್ತೇವೆ, ವಾಯುಪಡೆ ಸೇರಲು ಅನುಕೂಲ ಅಂತ ಒಬ್ಬರು ಹೇಳುತ್ತಿದ್ದಾರೆ. ಮಗಳನ್ನು ಸೇರಿಸಲಾ? (ತಾಯಿ, ಮಂಡ್ಯ)

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ ಅಮ್ಮಾ. ಆ ಕಾಗದವನ್ನು ವಾಯುಪಡೆಯಲ್ಲಿ ಯಾರೂ ಕೇಳುವುದಿಲ್ಲ. ಮಕ್ಕಳ ಆಸೆಯನ್ನು ಹೀಗೆ ಮಾರಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಪೈಲಟ್ ಆಗಲು ಪಿಯುಸಿ ಆಗಿದ್ದರೆ ಎನ್‌ಡಿಎ, ಡಿಗ್ರಿ ಆಗಿದ್ದರೆ ಎಎಫ್‌ಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಸಿ. ಎರಡಕ್ಕೂ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿರಬೇಕು. ಆಯ್ಕೆಯಾದರೆ ಫಾರ್ಮೇಶನ್ ಹಾರಾಟವನ್ನು ಅವರೇ ಕಲಿಸುತ್ತಾರೆ. ಅದಕ್ಕೆ ನೀವು ಫೀಸ್ ಕಟ್ಟಬೇಕಿಲ್ಲ.