1,28,000 ಮೈಲಿ ಓಡಿದ ಡೀಸೆಲ್ ಎಸ್ಟೇಟ್ ಕಾರು: ಹೆದರಬೇಕೇ?

ಪ್ರಶ್ನೆ: ನಮ್ಮ ಮನೆ ಲೀಡ್ಸ್‌ನಲ್ಲಿ, ನನ್ನ ಹೊಸ ಕೆಲಸ ಬರ್ಮಿಂಗ್‌ಹ್ಯಾಮ್ ನಗರದ ನಟ್ಟನಡುವೆ. ಸೋಮವಾರ ಬೆಳಗ್ಗೆ ಹೊರಟು ಗುರುವಾರ ರಾತ್ರಿ ಮರಳುತ್ತೇನೆ. ಹೋಗಿಬರಲು ಸುಮಾರು 240 ಮೈಲಿ, ಬಹುಪಾಲು ಮೋಟರ್‌ವೇ, ಅಂದರೆ ಸಿಗ್ನಲ್ಲಿಲ್ಲದ ಹೆದ್ದಾರಿ. ಇಬ್ಬರು ಮಕ್ಕಳಿದ್ದಾರೆ, ಅಪ್ಪ ಅಮ್ಮ ಬಂದಾಗ ವಿಮಾನ ನಿಲ್ದಾಣದಿಂದ ನಾಲ್ಕು ದೊಡ್ಡ ಪೆಟ್ಟಿಗೆಗಳನ್ನು ತರಬೇಕು. ಆದ್ದರಿಂದ ಹಿಂಭಾಗ ಉದ್ದವಾಗಿ ಸಾಮಾನಿಗೆ ಹೆಚ್ಚು ಜಾಗವಿರುವ ಎಸ್ಟೇಟ್ ಕಾರು ಎಂದು ನಿಶ್ಚಯಿಸಿದ್ದೇನೆ. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲದ ಎರಡು ಕಾರುಗಳು ಸಿಕ್ಕಿವೆ. ಒಂದು, 2013ರ ಬಿಎಂಡಬ್ಲ್ಯೂ 520ಡಿ ಟೂರಿಂಗ್, 62,000 ಮೈಲಿ. ಮಾಲೀಕರು ಊರೊಳಗಷ್ಟೇ ಓಡಿಸಿದ್ದಾರಂತೆ, ನೋಡಲು ಹೊಸದರಂತಿದೆ. ಇನ್ನೊಂದು, 2016ರ ನವೆಂಬರ್‌ನಲ್ಲಿ ನೋಂದಣಿಯಾದ ಸ್ಕೋಡಾ ಸೂಪರ್ಬ್ ಎಸ್ಟೇಟ್, 2 ಲೀಟರ್ ಡೀಸೆಲ್, ಆಟೋಮ್ಯಾಟಿಕ್. ಮೊದಲು ಕಂಪನಿಯ ಕಾರಾಗಿತ್ತು, 1,28,000 ಮೈಲಿ ಓಡಿದೆ. ಆ ಸಂಖ್ಯೆ ನೋಡಿ ಮನೆಯವರೆಲ್ಲ ಬೇಡ ಎನ್ನುತ್ತಿದ್ದಾರೆ. ನಿಮ್ಮ ಸಲಹೆ ಏನು?
— ಲೀಡ್ಸ್‌ನ ಓದುಗರು

ಉತ್ತರ: ನಿಮ್ಮ ಮನೆಯವರು ಓಡೋಮೀಟರ್ ನೋಡುತ್ತಿದ್ದಾರೆ. ನಾನು ಗಡಿಯಾರ ನೋಡಿ ಎನ್ನುತ್ತೇನೆ. ಮೋಟರ್‌ವೇಯಲ್ಲಿ ಗಂಟೆಗೆ ಸರಾಸರಿ 55 ಮೈಲಿ ಎಂದಿಟ್ಟುಕೊಂಡರೆ 1,28,000 ಮೈಲಿಗೆ ಎಂಜಿನ್ ದುಡಿದದ್ದು ಸುಮಾರು 2,300 ಗಂಟೆ. ಊರೊಳಗೆ ಸಿಗ್ನಲ್, ವೃತ್ತ, ಶಾಲೆಯ ಮುಂದಿನ ಸಾಲು ಎಲ್ಲ ಸೇರಿ ಸರಾಸರಿ 22 ಮೈಲಿ ಎಂದರೆ 62,000 ಮೈಲಿಗೆ 2,800 ಗಂಟೆ. ಅರ್ಧ ಓಡಿದ ಕಾರಿನ ಎಂಜಿನ್ ಹೆಚ್ಚು ಹೊತ್ತು ದುಡಿದಿದೆ. ಆ ದುಡಿಮೆಯಲ್ಲೂ ಎಷ್ಟೋ ಹೊತ್ತು ಎಂಜಿನ್ ಸರಿಯಾಗಿ ಬಿಸಿಯಾಗಿರಲೇ ಇಲ್ಲ. ಕ್ಲಚ್, ಬ್ರೇಕ್, ಬಾಗಿಲಿನ ಕೀಲು, ಸ್ಟಾರ್ಟರ್ ಇವೆಲ್ಲ ಸವೆಯುವುದು ಎಷ್ಟು ಸಲ ಬಳಸಿದೆವು ಎಂಬುದರ ಮೇಲೆ. ಮೋಟರ್‌ವೇ ಕಾರು ಅವುಗಳನ್ನು ಅಷ್ಟಾಗಿ ಮುಟ್ಟುವುದೇ ಇಲ್ಲ.

ಡೀಸೆಲ್ ಕಾರಿನ ವಿಷಯದಲ್ಲಿ ಇದಕ್ಕಿಂತ ದೊಡ್ಡ ಕಾರಣ ಎಕ್ಸಾಸ್ಟ್‌ನಲ್ಲಿರುವ ಮಸಿ ಶೋಧಕ, ಗ್ಯಾರೇಜಿನವರ ಮಾತಿನಲ್ಲಿ ಡಿಪಿಎಫ್. ಹೊಗೆಯಲ್ಲಿನ ಮಸಿಯನ್ನು ಅದು ಹಿಡಿದಿಡುತ್ತದೆ. ತುಂಬುತ್ತಾ ಬಂದಾಗ ಎಂಜಿನ್ ಸ್ವಲ್ಪ ಹೆಚ್ಚು ಡೀಸೆಲ್ ಸುರಿದು ಎಕ್ಸಾಸ್ಟನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಇದಕ್ಕೆ ಹತ್ತಿಪ್ಪತ್ತು ನಿಮಿಷ ಬಿಡದೆ ಓಡಬೇಕು. ಐದು ನಿಮಿಷದಲ್ಲಿ ಮನೆ ಮುಟ್ಟಿ ಕೀಲಿ ತಿರುಗಿಸುವವರ ಕಾರಿನಲ್ಲಿ ಈ ಕೆಲಸ ಪ್ರತಿಸಲವೂ ಅರ್ಧಕ್ಕೆ ನಿಲ್ಲುತ್ತದೆ. ಸುಡದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಎಂಜಿನ್ ಆಯಿಲ್‌ಗೆ ಬೆರೆಯುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಕಡಿಮೆಯಾಗುವ ಬದಲು ಏರಿದ್ದರೆ ಅದು ಧಾರಾಳ ಮಾಲೀಕನ ಗುರುತಲ್ಲ, ರೋಗದ ಗುರುತು.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಬಹಳ ಹಿಂದೆ ನಾನೇ ಒಂದು ಡೀಸೆಲ್ ಎಸ್ಟೇಟ್ ಕೊಂಡೆ. ಮೈಲಿ ಕಡಿಮೆ, ಸೀಟಿನ ಮೇಲೆ ಒಂದು ಕಲೆಯಿಲ್ಲ, ಮಾಲೀಕರು ಕಾರನ್ನು ದೇವರ ಪೆಟ್ಟಿಗೆಯಂತೆ ಇಟ್ಟಿದ್ದರು. ಮಕ್ಕಳನ್ನು ಶಾಲೆಗೆ ಬಿಡುವುದು, ಅಂಗಡಿಗೆ ಹೋಗುವುದು, ಅಷ್ಟೇ ಅದರ ಲೋಕ. ಎರಡನೇ ತಿಂಗಳು ಶೋಧಕದ ಎಚ್ಚರಿಕೆ ದೀಪ ಹೊತ್ತಿಕೊಂಡಿತು. ನಾಲ್ಕನೇ ತಿಂಗಳು ಹೊಸ ಶೋಧಕದ ಬಿಲ್ಲು ಬಂತು. ಅಂದಿನಿಂದ ಹೊಳೆಯುವ ಡೀಸೆಲ್ ಕಾರು ಕಂಡರೆ ನನಗೆ ಮೊದಲು ಅನುಮಾನ, ಆಮೇಲೆ ಆಸೆ.

ಇನ್ನು ನಿಮ್ಮ ಎರಡು ಕಾರುಗಳಿಗೆ ಬರೋಣ. 2013ರ 520ಡಿ ಸಾಮಾನ್ಯವಾಗಿ ಯೂರೋ 5 ಕಾಲದ ಕಾರು; ಯೂರೋ ಎಂದರೆ ಹೊಗೆಯ ಮಾಲಿನ್ಯಕ್ಕೆ ಯುರೋಪಿನ ಮಿತಿ, ಅಂಕಿ ಹೆಚ್ಚಿದಷ್ಟೂ ಬಿಗಿ. ಬರ್ಮಿಂಗ್‌ಹ್ಯಾಮ್ ನಗರದ ಮಧ್ಯದಲ್ಲಿ 2021ರ ಜೂನ್‌ನಿಂದ ಶುದ್ಧ ಗಾಳಿ ವಲಯವಿದೆ. ಯೂರೋ 6 ಅಲ್ಲದ ಡೀಸೆಲ್ ಕಾರಿಗೆ ಅಲ್ಲಿ ದಿನಕ್ಕೆ 8 ಪೌಂಡ್ ಶುಲ್ಕ. ಒಳಗೆ ನಿಂತೇ ಇರುವ ಕಾರಿಗೆ ಶುಲ್ಕವಿಲ್ಲ, ಓಡಿಸಿದ ದಿನಕ್ಕಷ್ಟೇ. ಆದರೂ ನಿಮ್ಮ ಸೋಮವಾರ, ಗುರುವಾರಗಳನ್ನು ವರ್ಷಕ್ಕೆ 45 ವಾರ ಎಂದು ಹಿಡಿದರೆ 720 ಪೌಂಡ್ ಹೀಗೇ ಹೋಯಿತು. ಲಂಡನ್‌ಗೆ ಹೋದರೆ ಇದೇ ಕಾರಿಗೆ ದಿನಕ್ಕೆ 12.50 ಪೌಂಡ್; 2023ರ ಆಗಸ್ಟ್‌ನಿಂದ ಅಲ್ಲಿನ ಇಂಥದೇ ವಲಯ ಲಂಡನ್ನಿನ ಎಲ್ಲ ಬರೋಗಳಿಗೂ (ಆಡಳಿತ ವಿಭಾಗಗಳಿಗೂ) ಹಬ್ಬಿದೆ. ಇದರ ಜೊತೆಗೆ ಆ ಕಾಲದ ಬಿಎಂಡಬ್ಲ್ಯೂ 2 ಲೀಟರ್ ಡೀಸೆಲ್ ಎಂಜಿನ್‌ನಲ್ಲಿ ಟೈಮಿಂಗ್ ಚೈನ್, ಅಂದರೆ ಪಿಸ್ಟನ್‌ಗೆ ತಾಳೆಯಾಗಿ ವಾಲ್ವುಗಳನ್ನು ತೆರೆಮುಚ್ಚಿಸುವ ಸರಪಳಿ, ಇರುವುದು ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ. ಅದರ ಸವೆತದ ಕುಖ್ಯಾತಿ ಮುಖ್ಯವಾಗಿ 2007ರಿಂದ 2011ರವರೆಗಿನ ಕಾರುಗಳದ್ದು, ನಿಮ್ಮದು ಅದರಾಚೆಯದು ನಿಜ. ಆದರೆ ಚೈನ್ ಗಲಗಲ ಎಂದರೆ ಅದನ್ನು ಮುಟ್ಟುವುದಕ್ಕೇ ಬಹುಪಾಲು ಎಂಜಿನ್ ಇಳಿಸಬೇಕಾಗುತ್ತದೆ. ಹಿಂದಿನ ಚಕ್ರಗಳಿಗೆ ಗಾಳಿ ಚೀಲದ ಸಸ್ಪೆನ್ಷನ್ ಬೇರೆ; ವಯಸ್ಸಾದ ಚೀಲ ಸೋರಿದರೆ ಬೆಳಗ್ಗೆ ಕಾರು ಹಿಂಗಾಲು ಮುರಿದ ನಾಯಿಯಂತೆ ಕುಳಿತಿರುತ್ತದೆ. ಓಡಿಸಲು ಅದಕ್ಕಿಂತ ಸೊಗಸಾದ ಕಾರು ಈ ಬೆಲೆಗೆ ಸಿಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ನಿಮ್ಮ ದಾರಿಗೆ ಮಾತ್ರ ಬೇಡ.

ಸೂಪರ್ಬ್ ಹುಟ್ಟಿದ ತಿಂಗಳು ನಿಮ್ಮ ಅದೃಷ್ಟ. 2015ರ ಸೆಪ್ಟೆಂಬರ್‌ನಿಂದ ಹೊಸದಾಗಿ ನೋಂದಣಿಯಾದ ಕಾರುಗಳೆಲ್ಲ ಯೂರೋ 6 ಆಗಿರಬೇಕಿತ್ತು. 2017ರ ಏಪ್ರಿಲ್ 1ರಿಂದ ರಸ್ತೆ ತೆರಿಗೆಯ ಲೆಕ್ಕ ಬದಲಾಯಿತು. ಅಲ್ಲಿಂದೀಚಿನ ಕಾರುಗಳಿಗೆ ವರ್ಷಕ್ಕೆ ಸುಮಾರು 200 ಪೌಂಡ್ ಒಂದೇ ದರ. ಅದಕ್ಕೆ ಮುಂಚಿನವಕ್ಕೆ ಹೊಗೆಯಲ್ಲಿನ ಕಾರ್ಬನ್ ಡೈಆಕ್ಸೈಡ್ ಪ್ರಮಾಣದ ಮೇಲೆ ತೆರಿಗೆ. ಕಿಲೋಮೀಟರಿಗೆ 110 ಗ್ರಾಂ ಆಸುಪಾಸಿನ ಡೀಸೆಲ್ ಎಸ್ಟೇಟ್ ಆದರೆ ವರ್ಷಕ್ಕೆ ಐವತ್ತು ಪೌಂಡಿಗೂ ಕಡಿಮೆ. ಅಂದರೆ 2015ರ ಸೆಪ್ಟೆಂಬರ್‌ನಿಂದ 2017ರ ಮಾರ್ಚ್‌ವರೆಗಿನ ಹತ್ತೊಂಬತ್ತು ತಿಂಗಳ ಕಾರುಗಳಿಗೆ ವಲಯದ ಶುಲ್ಕವೂ ಇಲ್ಲ, ದುಬಾರಿ ತೆರಿಗೆಯೂ ಇಲ್ಲ. ಡೀಸೆಲ್ ಎಸ್ಟೇಟ್ ಹುಡುಕುವ ಯಾರಿಗಾದರೂ ನಾನು ಮೊದಲು ಹೇಳುವುದು ಈ ಅವಧಿಯ ವಿಷಯ. ನಂಬರ್ ಪ್ಲೇಟಿನಲ್ಲಿ 65, 16, 66 ಇದ್ದರೆ ಕಣ್ಣು ಹಾಯಿಸಿ. 17 ಇದ್ದರೆ ನೋಂದಣಿಯ ದಿನಾಂಕ ಕೇಳಿ. ಮಾರ್ಚ್ 31ಕ್ಕೂ ಏಪ್ರಿಲ್ 1ಕ್ಕೂ ಒಂದೇ ಕಾರಿನಲ್ಲಿ ಅಷ್ಟು ವ್ಯತ್ಯಾಸ.

ಪೆಟ್ಟಿಗೆಗಳ ಚಿಂತೆ ಬೇಡ. ಸೀಟು ಮಡಚದೆಯೇ ಹಿಂಭಾಗದಲ್ಲಿ 660 ಲೀಟರ್ ಜಾಗವಿದೆ. ಇಂಧನದ ಟ್ಯಾಂಕು 66 ಲೀಟರಿನದು. ಗ್ಯಾಲನ್ನಿಗೆ 52 ಮೈಲಿ ಸಿಕ್ಕರೆ ನಿಮ್ಮ ಪ್ರಯಾಣ ಮೂರು ಸಲ ಹೋಗಿಬರಲು ಒಂದು ಟ್ಯಾಂಕು ಹೆಚ್ಚುಕಡಿಮೆ ಸಾಕು.

ಹಾಗೆಂದು ಇವತ್ತೇ ಹಣ ಕೊಟ್ಟುಬಿಡಬೇಡಿ. 1,28,000 ಮೈಲಿ ನಿಜವಾಗಿಯೂ ಮೋಟರ್‌ವೇ ಮೈಲಿಯೇ ಎಂಬುದನ್ನು ಕಾರೇ ಹೇಳಬೇಕು, ಮಾರುವವರಲ್ಲ. ಸರ್ಕಾರದ ಜಾಲತಾಣದಲ್ಲಿ ನೋಂದಣಿ ಸಂಖ್ಯೆ ಕೊಟ್ಟರೆ ಪ್ರತಿ ಎಂಒಟಿ ತಪಾಸಣೆಯ (ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ಕಡ್ಡಾಯ ವಾರ್ಷಿಕ ಪರೀಕ್ಷೆಯ) ದಿನ ಎಷ್ಟು ಮೈಲಿ ಇತ್ತು, ಏನೇನು ಎಚ್ಚರಿಕೆ ಬರೆದಿದ್ದರು ಎಂಬುದೆಲ್ಲ ಪುಕ್ಕಟೆಯಾಗಿ ಸಿಗುತ್ತದೆ. ಮೊದಲ ಎಂಒಟಿ ಮೂರು ವರ್ಷಕ್ಕೆ. ಆ ಹೊತ್ತಿಗೇ 75,000 ಮೈಲಿ ದಾಟಿದ್ದರೆ ನನಗೆ ಸಂತೋಷ. ಅಷ್ಟು ಮೈಲಿಯನ್ನು ಊರೊಳಗೆ ಟ್ಯಾಕ್ಸಿಯವರ ಹೊರತು ಯಾರೂ ಓಡಿಸಲಾರರು. ಆಮೇಲೆ ಬಾನೆಟ್ಟಿನ ಮೂತಿ ನೋಡಿ. ಸಣ್ಣ ಕಲ್ಲೇಟಿನ ಚುಕ್ಕೆಗಳು ತುಂಬಿದ್ದರೆ ಅದು ಮೋಟರ್‌ವೇಯ ಮುದ್ರೆ. ಮೂತಿ ನುಣುಪಾಗಿದ್ದು ಚಕ್ರದ ಅಂಚುಗಳೆಲ್ಲ ಫುಟ್‌ಪಾತಿಗೆ ಉಜ್ಜಿ ಹರಿದಿದ್ದರೆ ಕಥೆ ಬೇರೆ. ನಾಲ್ಕು ಟೈರುಗಳೂ ಒಂದೇ ಒಳ್ಳೆಯ ಕಂಪನಿಯವಾಗಿದ್ದರೆ ಯಾರೋ ಅಕ್ಕರೆಯಿಂದ ನೋಡಿಕೊಂಡಿದ್ದಾರೆ ಎಂದರ್ಥ. ನಾಲ್ಕು ನಾಲ್ಕು ಜಾತಿಯವಾಗಿದ್ದರೆ ಆಯಿಲ್ ವಿಷಯದಲ್ಲೂ ಹಾಗೆಯೇ ಉಳಿತಾಯ ಮಾಡಿರುತ್ತಾರೆ.

ಬಿಲ್ಲುಗಳಲ್ಲಿ ಎರಡನ್ನು ಮಾತ್ರ ಪಟ್ಟು ಹಿಡಿದು ಕೇಳಿ. ಈ ಎಂಜಿನ್‌ನಲ್ಲಿರುವುದು ಚೈನ್ ಅಲ್ಲ, ಟೈಮಿಂಗ್ ಬೆಲ್ಟ್. ಅದು ಹರಿದರೆ ವಾಲ್ವಿಗೆ ಪಿಸ್ಟನ್ ಬಡಿದು ಎಂಜಿನ್ನೇ ಮುಗಿಯುತ್ತದೆ. ಬೆಲ್ಟನ್ನೂ ಅದರಿಂದಲೇ ತಿರುಗುವ ನೀರಿನ ಪಂಪನ್ನೂ ಬದಲಿಸಿದ ಬಿಲ್ಲು ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದು ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ. ಎರಡನೆಯದು ಆರು ಗೇರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್. ಅದನ್ನು 40,000 ಮೈಲಿಗೊಮ್ಮೆ ಬದಲಿಸಬೇಕು. ನಿಮ್ಮ ಕಾರಿಗೆ ಇಷ್ಟರಲ್ಲಿ ಮೂರು ಸಲ ಆಗಿರಬೇಕಿತ್ತು. ಒಂದೂ ಆಗಿಲ್ಲವಾದರೆ ಬೇರೆ ಕಾರು ನೋಡಿ, ಇದೊಂದೇ ಸೂಪರ್ಬ್ ಅಲ್ಲ.

ನೋಡಲು ಹೋಗುವಾಗ ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿ, ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಯಾರೋ ಏನನ್ನೋ ಮರೆಮಾಚಿದ್ದಾರೆ. ಓಡಿಸುವುದು ಅರ್ಧ ಗಂಟೆಯಾದರೂ ಇರಲಿ, ಅದರಲ್ಲಿ ಮೋಟರ್‌ವೇಯ 70 ಮೈಲಿ ವೇಗವೂ ಬರಲಿ. ಬ್ರೇಕಿನ ಕಾಲು ತೆಗೆದಾಗ ಕಾರು ತಾನಾಗಿ ಮೆಲ್ಲಗೆ ತೆವಳಬೇಕು, ಜಗ್ಗಬಾರದು. ಏರಿನಲ್ಲಿ ಹಿಮ್ಮುಖವಾಗಿ ಹೋಗಿಯೂ ನೋಡಿ. ನಿಲ್ಲಿಸಿದ ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಾ ಸುಟ್ಟ ವಾಸನೆ ಬಂದರೆ ಗಾಬರಿಯಾಗಬೇಡಿ, ಮಸಿ ಸುಡುವ ಕೆಲಸ ನಡುವೆ ನಿಂತಿದೆ ಅಷ್ಟೇ. ಮರುದಿನವೂ ಹಾಗೆಯೇ ಆದರೆ ಮಾತ್ರ ಪ್ರಶ್ನೆ. ಈ ಕಂಪನಿಯ ಕಾರುಗಳನ್ನು ಬಲ್ಲ ಮೆಕ್ಯಾನಿಕ್ ಒಬ್ಬರು ಕಂಪ್ಯೂಟರ್ ಜೋಡಿಸಿದರೆ ಶೋಧಕದಲ್ಲಿ ಬೂದಿ ಎಷ್ಟಿದೆ, ಕಳೆದ ಸಲ ಸುಟ್ಟು ಎಷ್ಟು ಮೈಲಿಯಾಯಿತು ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಹೆಚ್ಚು ಓಡಿದ ಕಾರಿನಲ್ಲಿ ಕೇಳಬೇಕಾದ ಅಂಕಿ ಅದೇ.

ವ್ಯಾಪಾರಿಯಿಂದ ಕೊಂಡರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಂತೆ ದೋಷವಿರುವ ಕಾರನ್ನು 30 ದಿನದೊಳಗೆ ಹಿಂತಿರುಗಿಸುವ ಹಕ್ಕು ನಿಮಗಿದೆ. ಖಾಸಗಿ ವ್ಯಕ್ತಿಯಿಂದ ಕೊಂಡರೆ ಆ ರಕ್ಷಣೆಯಿಲ್ಲ, ಬೆಲೆ ತುಸು ಕಡಿಮೆ. ಎರಡರಲ್ಲೂ ಕಾರಿನ ಮೇಲೆ ಸಾಲ ಬಾಕಿಯಿದೆಯೇ, ಅಪಘಾತದಲ್ಲಿ ವಿಮೆಯವರು ಕೈಬಿಟ್ಟ ಕಾರೇ ಎಂಬುದನ್ನು ಸ್ವಲ್ಪ ಹಣ ಕೊಟ್ಟಾದರೂ ತಪಾಸಣೆ ಮಾಡಿಸಿ. ಲಾಗ್‌ಬುಕ್ (ಕಾರಿನ ನೋಂದಣಿ ಪತ್ರ) ಆಮೇಲೆ ಕಳುಹಿಸುತ್ತೇನೆ ಎಂದರೆ ನೀವೂ ಹಣ ಆಮೇಲೆ ಕಳುಹಿಸಿ.

ಪ್ರಶ್ನೆ: ನಮ್ಮ ಕಚೇರಿ ಮನೆಯಿಂದ ಮೂರು ಮೈಲಿ. ವರ್ಷಕ್ಕೆ ಎರಡು ಸಲ ಸ್ಕಾಟ್ಲೆಂಡಿಗೆ ಕಾರಿನಲ್ಲಿ ಹೋಗುತ್ತೇವೆ. ದೂರದ ದಾರಿಗೆ ಡೀಸೆಲ್ ಎಸ್ಟೇಟೇ ಸರಿ ಎನ್ನುತ್ತಾರೆ. ಕೊಳ್ಳಬಹುದೇ?
— ಬ್ರಿಸ್ಟಲ್‌ನ ಓದುಗರು

ಉತ್ತರ: ಬೇಡ. ಎರಡು ಪ್ರವಾಸಕ್ಕಾಗಿ ಉಳಿದ ಐವತ್ತು ವಾರ ಶೋಧಕಕ್ಕೆ ಉಸಿರು ಕಟ್ಟಿಸಬೇಡಿ. ಅದೇ ಸೂಪರ್ಬ್, ಆಕ್ಟೇವಿಯಾ, ಪಸಾಟ್ ಎಸ್ಟೇಟುಗಳು ಪೆಟ್ರೋಲಿನಲ್ಲೂ ಸಿಗುತ್ತವೆ, ಜಾಗ ಅಷ್ಟೇ. ವರ್ಷಕ್ಕೆ 15,000 ಮೈಲಿ ಓಡಿಸುವವರಿಗೆ ಗ್ಯಾಲನ್ನಿಗೆ 40 ಮೈಲಿಯ ಪೆಟ್ರೋಲ್ ಕಾರಿನ ಬದಲು 52 ಮೈಲಿಯ ಡೀಸೆಲ್ ಇದ್ದರೆ ಸುಮಾರು 400 ಲೀಟರ್ ಉಳಿಯುತ್ತದೆ. ನಿಮಗೆ ಉಳಿಯುವುದು ಅದರ ಸಣ್ಣ ಪಾಲು, ಒಂದೇ ಒಂದು ರಿಪೇರಿಗೂ ಸಾಲದು.

ಪ್ರಶ್ನೆ: ನನ್ನ 2012ರ ಡೀಸೆಲ್ ಎಸ್ಟೇಟಿನಲ್ಲಿ ಡಿಪಿಎಫ್ ದೀಪ ಪದೇ ಪದೇ ಹೊತ್ತುತ್ತಿದೆ. ಶೋಧಕವನ್ನೇ ಒಳಗಿಂದ ಕಿತ್ತು ಕಂಪ್ಯೂಟರಿನಲ್ಲಿ ಅಳಿಸಿಬಿಟ್ಟರೆ ಮತ್ತೆ ತೊಂದರೆಯೇ ಇಲ್ಲ ಎಂದು ಒಬ್ಬ ಮೆಕ್ಯಾನಿಕ್ ಹೇಳುತ್ತಿದ್ದಾರೆ.
— ಲೆಸ್ಟರ್‌ನ ಓದುಗರು

ಉತ್ತರ: ತೊಂದರೆ ಇಲ್ಲದಿರುವುದು ಆ ಮೆಕ್ಯಾನಿಕ್‌ಗೆ. ಕಾರ್ಖಾನೆಯಲ್ಲಿ ಅಳವಡಿಸಿದ್ದ ಶೋಧಕ ಕಾಣೆಯಾಗಿದ್ದರೆ 2014ರ ಫೆಬ್ರವರಿಯಿಂದ ಎಂಒಟಿಯಲ್ಲಿ ಕಾರು ನಪಾಸು. ಅಂಥ ಕಾರನ್ನು ರಸ್ತೆಯಲ್ಲಿ ಓಡಿಸುವುದೂ ಕಾನೂನುಬಾಹಿರ, ವಿಮೆಯವರಿಗೆ ತಿಳಿಸದಿದ್ದರೆ ಅದು ಇನ್ನೊಂದು ತಲೆನೋವು.

ದೀಪ ಹೊತ್ತುವುದಕ್ಕೆ ಶೋಧಕವೇ ಕಾರಣ ಎಂದು ಯಾರು ಹೇಳಿದರು? ಎಕ್ಸಾಸ್ಟಿನ ಬಿಸಿ ಅಳೆಯುವ ಸೆನ್ಸರ್, ಶೋಧಕದ ಎರಡು ಬದಿಯ ಒತ್ತಡ ಅಳೆಯುವ ಸೆನ್ಸರ್, ಅದಕ್ಕೆ ಹೋಗುವ ಸಣ್ಣ ರಬ್ಬರ್ ನಳಿಕೆ ಇವುಗಳಲ್ಲಿ ಒಂದು ಕೆಟ್ಟರೂ ಕಾರು ಮಸಿ ಸುಡುವುದನ್ನೇ ನಿಲ್ಲಿಸಿಬಿಡುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಲು ಬಿಡದ ಹಳೆಯ ಥರ್ಮೋಸ್ಟಾಟ್ ಕೂಡ ಇದೇ ಆಟವಾಡುತ್ತದೆ, ಅದರ ಬೆಲೆ ಶೋಧಕದ ಬೆಲೆಯ ಮುಂದೆ ಏನೂ ಅಲ್ಲ. ಮೊದಲು ಇವುಗಳನ್ನು ಪರೀಕ್ಷಿಸಿ. ಕಾರಿನ ಕೈಪಿಡಿಯಲ್ಲಿ ಹೇಳಿದ, ಬೂದಿ ಕಡಿಮೆ ಬಿಡುವ ಆಯಿಲ್ ಹಾಕಿಸಿ. ದೀಪ ಸ್ಥಿರವಾಗಿ ಉರಿಯುತ್ತಿದ್ದು ಬೇರೆ ಎಚ್ಚರಿಕೆಗಳಿಲ್ಲದಿದ್ದರೆ ಎಂ1 ಮೋಟರ್‌ವೇ ಹಿಡಿದು ಅರ್ಧ ಗಂಟೆ ಹೋಗಿಬನ್ನಿ, ಒಂದು ಗೇರು ಕೆಳಗಿಟ್ಟು ಎಂಜಿನ್ ನಿಮಿಷಕ್ಕೆ 2,500 ಸುತ್ತಿನ ಆಸುಪಾಸಿನಲ್ಲಿರಲಿ. ದೀಪ ಮಿನುಗುತ್ತಿದ್ದರೆ ಅಥವಾ ಎಂಜಿನ್ ದೀಪವೂ ಸೇರಿಕೊಂಡಿದ್ದರೆ ಆ ಸವಾರಿ ಬೇಡ, ನೇರವಾಗಿ ಗ್ಯಾರೇಜಿಗೆ ಒಯ್ಯಿರಿ, ಆ ಮೆಕ್ಯಾನಿಕ್‌ನ ಗ್ಯಾರೇಜಿಗಲ್ಲ.