ಇಆರ್‌ನಿಂದ ತಪ್ಪಿಸಿಕೊಂಡ ಪ್ರೋಟೀನು ಮರಳುವುದು ಹೇಗೆ?

ಹಾಸನದ ಬಿಎಸ್ಸಿ ವಿದ್ಯಾರ್ಥಿಯೊಬ್ಬರ ಪ್ರಶ್ನೆ: ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲೇ, ಅಂದರೆ ಇಆರ್‌ನಲ್ಲೇ, ಇರಬೇಕಾದ ಪ್ರೋಟೀನು ಗಾಲ್ಜಿಗೆ (ಇಆರ್‌ನಿಂದ ಬಂದ ಪ್ರೋಟೀನುಗಳನ್ನು ವಿಂಗಡಿಸಿ ಕಳಿಸುವ ಅಂಗಕಕ್ಕೆ) ಹೋಗಿಬಿಟ್ಟರೆ ಜೀವಕೋಶ ಅದನ್ನು ಗುರುತಿಸುವುದು ಹೇಗೆ?

ಗುರುತು ಇರುವುದು ಬಾಲದಲ್ಲಿ. ಇಆರ್‌ನಲ್ಲಿ ಬೇರೆ ಪ್ರೋಟೀನುಗಳ ಮಡಚಿಕೆಗೆ ನೆರವಾಗುವ ಬಿಪ್, ಪಿಡಿಐನಂಥ ಪ್ರೋಟೀನುಗಳ ಸಿ-ತುದಿಯ, ಅಂದರೆ ಸರಪಳಿ ಮುಗಿಯುವ ತುದಿಯ, ಕೊನೆಯ ನಾಲ್ಕು ಅಮೈನೋ ಆಮ್ಲಗಳು ಲೈಸಿನ್, ಆಸ್ಪಾರ್ಟೇಟ್, ಗ್ಲುಟಮೇಟ್, ಲ್ಯೂಸಿನ್, ಅವುಗಳ ಒಂದಕ್ಷರದ ಸಂಕೇತಗಳಲ್ಲಿ ಕೆಡಿಇಎಲ್. ಯೀಸ್ಟಿನಲ್ಲಿ ಲೈಸಿನ್ ಬದಲು ಹಿಸ್ಟಿಡಿನ್ ಇರುವ ಎಚ್‌ಡಿಇಎಲ್. ನಮ್ಮ ಕಡೆಯ ಕಾಫಿ, ಮೆಣಸಿನಂಥ ಸಸ್ಯಗಳಲ್ಲೂ ಇದೇ ಬಗೆಯ ಬಾಲ.

ನಿಜವಾದ ಸೊಗಸಿರುವುದು ಪಿಎಚ್‌ನಲ್ಲಿ. ಗಾಲ್ಜಿಯೊಳಗೆ ಆಮ್ಲೀಯತೆ ತುಸು ಹೆಚ್ಚು, ಪಿಎಚ್ ಸುಮಾರು 6.2ರಿಂದ 6.7. ಅಲ್ಲಿ ಕೆಡಿಇಎಲ್ ಗ್ರಾಹಕ ಎಂಬ ಪೊರೆಯ ಪ್ರೋಟೀನು ಈ ಬಾಲವನ್ನು ಬಿಗಿಯಾಗಿ ಹಿಡಿಯುತ್ತದೆ. ಹಿಡಿದೊಡನೆ ಗ್ರಾಹಕದ ಆಕಾರ ಬದಲಾಗಿ, ಸೈಟೊಸಾಲ್ (ಅಂಗಕಗಳ ಹೊರಗಿನ ಕೋಶದ್ರವ) ಕಡೆಗೆ ಅದರ ಲೈಸಿನ್‌ಗಳು ತೆರೆದುಕೊಂಡು, ಕೋಶಿಕೆ ಎಂಬ ಸಣ್ಣ ಸಾಗಣೆ ಚೀಲವನ್ನು ರೂಪಿಸಿ ಇಆರ್‌ಗೆ ಹಿಂದೆ ಕಳಿಸುವ ಕಾಪ್-1 ಪ್ರೋಟೀನು ಹೊದಿಕೆಯನ್ನು ಕೂಡಿಸಿಕೊಳ್ಳುತ್ತವೆ. ಕೋಶಿಕೆ ಇಆರ್ ತಲುಪಿದಾಗ ಪಿಎಚ್ 7.2ರ ಆಸುಪಾಸು, ಹಿಡಿತ ಸಡಿಲಿ ಪ್ರೋಟೀನು ಇಳಿಯುತ್ತದೆ. ಖಾಲಿ ಗ್ರಾಹಕ, ಇಆರ್‌ನಿಂದ ಮುಂದಕ್ಕೆ ಸಾಗುವ ಕಾಪ್-2 ಹೊದಿಕೆಯ ಕೋಶಿಕೆಯಲ್ಲಿ, ಮತ್ತೆ ಗಾಲ್ಜಿಗೆ. ಇಆರ್ ಪೊರೆಯ ಪ್ರೋಟೀನುಗಳ ಕೆಕೆಎಕ್ಸ್‌ಎಕ್ಸ್ ಬಾಲಕ್ಕೆ (ಎರಡು ಲೈಸಿನ್, ನಂತರ ಯಾವುದಾದರೂ ಎರಡು ಅಮೈನೋ ಆಮ್ಲ) ಈ ಗ್ರಾಹಕವೇ ಬೇಡ, ಅದು ನೇರ ಕಾಪ್-1ಕ್ಕೆ ಅಂಟುತ್ತದೆ.

ಕ್ಲೋನಿಂಗ್ ಮಾಡುವವರು ಒಂದು ವಿಷಯ ನೆನಪಿಡಿ: ಕೆಡಿಇಎಲ್ ಕಟ್ಟಕಡೆಗೇ ಇರಬೇಕು. ಅದರ ನಂತರ ಹಿಸ್ ಟ್ಯಾಗ್ (ಪ್ರೋಟೀನನ್ನು ಶುದ್ಧೀಕರಿಸಲು ಸೇರಿಸುವ ಹಿಸ್ಟಿಡಿನ್‌ಗಳ ಸಾಲು) ಜೋಡಿಸಿದರೆ ಗ್ರಾಹಕಕ್ಕೆ ತುದಿ ಸಿಗದೆ ಪ್ರೋಟೀನು ಹೊರಗೆ ಸೋರುತ್ತದೆ. ಬಾಲದ ನಂತರ ಬೇರೆ ಅಮೈನೋ ಆಮ್ಲ ಸೇರಿದರೆ ಹೀಗಾಗುತ್ತದೆಂದು ವಿಜ್ಞಾನಿಗಳಾದ ಮನ್ರೋ, ಪೆಲ್ಹಮ್ 1987ರಲ್ಲೇ ತೋರಿಸಿದ್ದರು. ಟ್ಯಾಗನ್ನು ಕೆಡಿಇಎಲ್‌ಗಿಂತ ಮುಂಚೆ ಹಾಕಿ.